ಸಣ್ಣ ಕೊಂಬೆಗೆ ಎಷ್ಟು ರೇಸು?

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತವು ಚೆನ್ನೈಗೆ ಬಡಿದುದನ್ನು ನಮ್ಮ ವಾಚಕರಲ್ಲಿ ಮರೆತವರು ಇರಲಾರರು. ಸಂಜೆಯಾಗುವಷ್ಟರಲ್ಲಿ ಸಾವಿರಾರು ಮರಗಳು ಬೀದಿಗುರುಳಿದ್ದುವು. ನೋಟು ರದ್ದಾಗಿ ತಿಂಗಳಷ್ಟೇ ಆಗಿತ್ತು. ಕೂಲಿ ಕೊಡೋಣವೆಂದರೆ ಯಾರ ಕೈಯಲ್ಲೂ ಹಣವಿಲ್ಲ. ಆಗ ನಾವು ನಾಲ್ಕಾರು ಮನೆಯವರು ಸೇರಿ, ಇನ್ನು ಪರರ ದಾರಿ ಕಾಯುವುದು ಬೇಡವೆಂದು ಪೆಟ್ರೋಲಿನ ಚೈನ್‌ಸಾ ಒಂದನ್ನು ಕೊಂಡೆವು. ಅಂದಿನಿಂದ ಪ್ರತಿ ವರ್ಷ ಹಿಂಗಾರಿಗೆ ಮುಂಚೆ, ತಾರಸಿಗೆ ತಾಗುವ ಹೊಂಗೆ, ಗುಲ್‌ಮೊಹರ್ ಕೊಂಬೆಗಳನ್ನು ಸವರಿಸುವುದು ನಮ್ಮ ಪದ್ಧತಿ.

ಹೀಗೆ ಸವರುವಾಗ ನೆರೆಮನೆಯ ಹುಡುಗನಿಗೆ ನಾವು ಹೇಳಿಕೊಟ್ಟ ಬುದ್ಧಿ ಇಷ್ಟು: “ಸಣ್ಣ ಕೊಂಬೆ ತಾನೆ, ಪೂರ್ತಿ ರೇಸು ಬೇಡಪ್ಪ, ಅರ್ಧ ಸಾಕು.” ಪೆಟ್ರೋಲು ಉಳಿಯಿತೆಂದು ಲೆಕ್ಕ ಹಾಕಿದೆವು, ಗುಮಾಸ್ತರ ಲೆಕ್ಕ! ಮೂರನೆಯ ವರ್ಷ ಅವನು ರೇಸು ಬಿಟ್ಟು ನಾಲ್ಕು ಹೆಜ್ಜೆ ನಡೆದನೋ ಇಲ್ಲವೋ, ನಿಂತಿರಬೇಕಾದ ಸರಪಣಿ ತಿರುಗುತ್ತಲೇ ಇದ್ದು ಮೊಣಕಾಲಿನ ಬಳಿ ಲುಂಗಿಯನ್ನು ಸೀಳಿತು. ಚರ್ಮಕ್ಕೆ ತಾಗಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಪುದುಪೇಟೆಯ ಮೆಕ್ಯಾನಿಕ್ಕೊಬ್ಬರು ಬಿಚ್ಚಿ ತೋರಿಸಿದರು. ಕ್ಲಚ್ಚಿನ ಡ್ರಮ್ಮು ಕಾದು ಕಾದು ನೀಲಿಗಟ್ಟಿತ್ತು. ಎಂಜಿನು ನಿಮಿಷಕ್ಕೆ ಸುಮಾರು 2,800 ಸುತ್ತಿನಲ್ಲಿ ಗುನುಗುವಾಗ ಸರಪಣಿ ನಿಂತಿರುತ್ತದೆ. ವೇಗ ಏರಿದಾಗ ಕ್ಲಚ್ಚಿನ ತುಂಡುಗಳು ಸ್ಪ್ರಿಂಗನ್ನು ಹಿಗ್ಗಿಸಿ ಹೊರಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಹೊಸೂರಿನ ಟಿವಿಎಸ್ ಮೊಪೆಡ್ಡಿನಲ್ಲಿಯೂ ಇದೇ ಏರ್ಪಾಡು. ಅರ್ಧ ರೇಸಿನಲ್ಲಿ ಕೊಂಬೆಯನ್ನು ಒತ್ತಿದರೆ ಹಿಡಿತ ಜಾರುತ್ತದೆ, ಉಜ್ಜುತ್ತದೆ, ಕಾಯುತ್ತದೆ. ಕಾದ ಸ್ಪ್ರಿಂಗು ಸಡಿಲವಾದರೆ ರೇಸು ಬಿಟ್ಟರೂ ತುಂಡುಗಳು ಹಿಂದಕ್ಕೆ ಬಾರವು. ನಮ್ಮ ಉಳಿತಾಯದ ಫಲ ಇದು. ಮೇಲಾಗಿ, ನಿಧಾನವಾಗಿ ಓಡುವ ಸರಪಣಿಯು ಎಳೆಯ ರೆಂಬೆಯನ್ನು ಕೊಯ್ಯುವ ಬದಲು ಕಚ್ಚಿ ಮುಖಕ್ಕೆ ಎಸೆಯುತ್ತದೆ.

ಹಾಗೆಂದು ಗುಂಡಿ ಒತ್ತಿಯೇ ಹಿಡಿದು ಒಂದು ರೆಂಬೆಯಿಂದ ಇನ್ನೊಂದಕ್ಕೆ ಹೋಗುವುದೂ ತಪ್ಪು. ಮರದ ಭಾರವಿಲ್ಲದೆ ಎಂಜಿನು 12,000 ಸುತ್ತನ್ನೂ ದಾಟಿ ಅರಚುತ್ತದೆ. ಪಿಸ್ಟನ್ನಿಗೆ ಅದು ವೃಥಾ ಸವೆತ. ಹಲ್ಲು ಮರಕ್ಕೆ ತಾಗುವ ಮುನ್ನ ಪೂರ್ತಿ ರೇಸು ಕೊಡಬೇಕು, ತುಂಡಾದೊಡನೆ ಬಿಡಬೇಕು, ಸರಪಣಿ ನಿಂತುದನ್ನು ಕಣ್ಣಾರೆ ಕಂಡ ಮೇಲೆಯೇ ಕಾಲು ಎತ್ತಬೇಕು. ಎರಡು ಕೈಯ ಹಿಡಿತವೂ ಬೇಕು, ಅಲಗಿನ ತುದಿ ಯಾವುದಕ್ಕೂ ತಾಗದಿರುವ ಎಚ್ಚರವೂ ಬೇಕು. ತುದಿ ತಾಗಿದರೆ ಗರಗಸವೇ ಹಿಂದಕ್ಕೆ ಚಿಮ್ಮುತ್ತದೆ. ಕೆಲಸ ಮುಗಿದೊಡನೆ ಆರಿಸದೆ, ಒಂದು ನಿಮಿಷ ಗುನುಗಲು ಬಿಟ್ಟರೆ ಒಳಗಿನ ಫ್ಯಾನು ಕಾವನ್ನು ಹೊರಹಾಕುತ್ತದೆ.

ಇನ್ನು ಎಣ್ಣೆಯ ಮಾತು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯಜ್ದಿ ಓಡಿಸಿದ ಹಿರಿಯರಿಗೆ ಇದನ್ನು ಹೇಳಬೇಕಿಲ್ಲ. ಇದೂ ಟು-ಸ್ಟ್ರೋಕ್ ಎಂಜಿನು. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್ನನ್ನು ಕಾಯುವುದು. ಸಾಮಾನ್ಯವಾಗಿ ಲೀಟರಿಗೆ 20 ಮಿಲಿಲೀಟರು, ಆದರೂ ಯಂತ್ರದ ಜೊತೆ ಬಂದ ಪುಸ್ತಕವೇ ಪ್ರಮಾಣ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕಡಲತೀರದ ಗಾಳಿಯಂತೂ ಕೇಳಬೇಕೆ! ಮಿಕ್ಕುದನ್ನು ಟಾಂಕಿಯಲ್ಲಿ ವರ್ಷವಿಡೀ ಇಡಬಾರದು. ಎಲೆ ತುಂಬಿದ ಸಣ್ಣ ಕೊಂಬೆಗಳ ಧೂಳು ಗಾಳಿಯ ಫಿಲ್ಟರನ್ನೂ ಎಂಜಿನಿನ ತಂಪುಗೆರೆಗಳನ್ನೂ ಬೇಗ ಮುಚ್ಚುತ್ತದೆ, ದಿನದ ಕೆಲಸ ಮುಗಿದೊಡನೆ ತೆಗೆದು ಕೊಡವಬೇಕು. ಪುಡಿಯಾದ ಧೂಳೇ ಉದುರತೊಡಗಿದರೆ ಹಲ್ಲು ಮೊಂಡಾಗಿದೆ. ಹರಿತವಾದ ಹಲ್ಲು ಚಕ್ಕೆ ಉದುರಿಸುತ್ತದೆ.

ಹೆಬ್ಬೆರಳ ಗಾತ್ರದ ರೆಂಬೆಗಳಿಗೆ ನಾವೀಗ ಯಂತ್ರವನ್ನೇ ಎತ್ತುವುದಿಲ್ಲ, ಕೈಗರಗಸ ಸಾಕು. ಹೊಸ ಡ್ರಮ್ಮು, ಹೊಸ ಸ್ಪ್ರಿಂಗುಗಳು ಬಂದಿವೆ. ಹುಡುಗನು ಈಗ ದಪ್ಪ ಪ್ಯಾಂಟು, ಬೂಟು ತೊಟ್ಟು ಬರುತ್ತಾನೆ. ರೇಸು ಬಿಟ್ಟಾಗಲೆಲ್ಲ ನಮ್ಮ ಮುಖ ನೋಡಿ, “ನಿಂತಿತು, ಮಾವ” ಎನ್ನುತ್ತಾನೆ.