ಮೆರವಣಿಗೆಗೂ ಸೈ, ಗೊಬ್ಬರಕ್ಕೂ ಸೈ

ಕೀಲಿ ತಿರುಗಿಸಿದರೆ ಏನೂ ಆಗುವುದಿಲ್ಲ. ಚೋಕ್ ಎಳೆದು, ಎಡಗಾಲಲ್ಲಿ ಕ್ಲಚ್ ಒತ್ತಿ, ಆಕ್ಸಿಲರೇಟರ್ ಪಕ್ಕದ ಸ್ಟಾರ್ಟರ್ ಪೆಡಲನ್ನು ಬಲಗಾಲಲ್ಲಿ ತುಳಿಯಬೇಕು. ಆರು ವೋಲ್ಟಿನ ಬ್ಯಾಟರಿ ನಿದ್ದೆಗಣ್ಣಲ್ಲೇ ಇಂಜಿನ್ನನ್ನು ಒಂದೆರಡು ಸುತ್ತು ಹೊರಳಿಸುತ್ತದೆ. ಹೊತ್ತಿಕೊಂಡಿತೋ, ಆರು ಸಿಲಿಂಡರುಗಳೂ ಹೊಲಿಗೆ ಯಂತ್ರದಂತೆ ಒಂದೇ ಲಯಕ್ಕೆ ಬಿದ್ದುಬಿಡುತ್ತವೆ. ಷೆವರ್ಲೆ 3100 ಪಿಕಪ್‌ನ ಮೊದಮೊದಲ ಗಾಡಿಗಳನ್ನು ಇಟ್ಟುಕೊಂಡ ಅಮೆರಿಕದವರಿಗೆ ಇದು ಬೆಳಗಿನ ಪೂಜೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರಲ್ ಮೋಟಾರ್ಸ್ ಹೊಸದಾಗಿ ರೂಪಿಸಿ ಮಾರುಕಟ್ಟೆಗೆ ಬಿಟ್ಟ ಮೊದಲ ವಾಹನ ಕಾರಲ್ಲ, 1947ರ ಜೂನ್‌ನಲ್ಲಿ ಬಂದ ಈ ಟ್ರಕ್ ಸಾಲು. ದುಂಡನೆಯ ಬಾನೆಟ್, ಮಡ್‌ಗಾರ್ಡಿನಲ್ಲಿ ಹುದುಗಿದ ಹೆಡ್‌ಲೈಟು, ನಡುವೆ ಐದು ಅಡ್ಡಪಟ್ಟಿಗಳ ಗ್ರಿಲ್. ಮರುವರ್ಷ ಫೋರ್ಡ್ ತನ್ನ ಎಫ್-1 ಇಳಿಸಿತು.

ಪಿಕಪ್ ಎಂಬುದು ಆಗಲೇ ಹಳೆಯ ಮಾತಾಗಿತ್ತು. ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದ ರೈತರ ಉಪಾಯವನ್ನು ಫೋರ್ಡ್ 1925ರಲ್ಲಿ ಕಾರ್ಖಾನೆಗೇ ತಂದು, ಮಾಡೆಲ್ ಟಿ ಪಿಕಪ್ಪನ್ನು 281 ಡಾಲರಿಗೆ ಮಾರಿತ್ತು. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಯುವ ವಿನ್ಯಾಸಕಾರ ಲ್ಯೂ ಬ್ಯಾಂಡ್ಟ್ 1934ರಲ್ಲಿ ‘ಯೂಟ್’ ರೂಪಿಸಿದ್ದಕ್ಕೆ ಒಬ್ಬ ರೈತನ ಹೆಂಡತಿ ಬರೆದ ಪತ್ರ ಕಾರಣವಂತೆ. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ಗಾಡಿ ಕೊಡಿ ಎಂದಿದ್ದಳಂತೆ ಆಕೆ. ಪಿಕಪ್‌ನ ಮರ್ಮವನ್ನು ಇಷ್ಟು ಚುಟುಕಾಗಿ ಯಾವ ಜಾಹೀರಾತೂ ಹೇಳಿದ ಹಾಗಿಲ್ಲ.

3100ರ ನಿಜವಾದ ಚೆಲುವು ಹಿಂದಿನ ಬಾಡಿಯಲ್ಲಿದೆ. ಆರೂವರೆ ಅಡಿ ಉದ್ದದ ಅದರ ನೆಲಕ್ಕೆ ಮರದ ಹಲಗೆ. ಹಲಗೆಗಳ ಸಂದಿಗೆ ಉಕ್ಕಿನ ಪಟ್ಟಿ. ಪೆಟ್ಟಿಗೆಯೋ ಮೂಟೆಯೋ ಪಟ್ಟಿಯ ಮೇಲೆ ಸಲೀಸಾಗಿ ಜಾರುತ್ತದೆ, ಮರ ತರಚುವುದಿಲ್ಲ. ಹಲಗೆ ಕೊಳೆತರೆ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸಿದರಾಯಿತು. ಹಿಂದಿನ ಮಡ್‌ಗಾರ್ಡುಗಳು ಬಾಡಿಯ ಹೊರಗೆ ಉಬ್ಬಿ ನಿಂತಿವೆ. ಅವುಗಳ ಮುಂದೆ ಕಾಲಿಡಲೊಂದು ಮೆಟ್ಟಿಲು. ಅದರ ಮೇಲೆ ನಿಂತು ಬಗ್ಗಿದರೆ ಒಳಗೆ ಬಿದ್ದ ಸ್ಪ್ಯಾನರ್ ಕೈಗೆ ಸಿಗುತ್ತದೆ. ಇವತ್ತಿನ ಪಿಕಪ್‌ಗಳ ಬದಿ ಎದೆಯೆತ್ತರ. ಜಲ್ಲಿ ಸುರಿದವರು ಅದನ್ನು ತೋಡುವಾಗ ಯಾರನ್ನು ಬೈದುಕೊಳ್ಳುತ್ತಾರೋ!

ಬಾನೆಟ್ ಎತ್ತಿದರೆ ಸುಮಾರು ಮೂರೂವರೆ ಲೀಟರಿನ, 90 ಅಶ್ವಶಕ್ತಿಯ ಇಂಜಿನ್. ಸುತ್ತ ನೆಲ ಕಾಣುವಷ್ಟು ಜಾಗ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಪ್ಲಗ್ಗು ಎಲ್ಲವೂ ಕಣ್ಣೆದುರು. ಇದರ ಎಣ್ಣೆ ವ್ಯವಸ್ಥೆಯೇ ಒಂದು ಕೌತುಕ: ಕನೆಕ್ಟಿಂಗ್ ರಾಡುಗಳ ಬುಡದಲ್ಲಿರುವ ಪುಟ್ಟ ಸೌಟುಗಳು ತಿರುಗುತ್ತಲೇ ಎಣ್ಣೆ ಮೊಗೆದು ಬೇರಿಂಗಿಗೆ ಉಣಿಸುತ್ತವೆ. ಹಳ್ಳಿರಸ್ತೆಗೆ ಇದು ಧಾರಾಳ. ಹೆದ್ದಾರಿಯಲ್ಲಿ ಮಾತ್ರ ಗಂಟೆಗೆ 80 ಕಿ.ಮೀ. ಸುತ್ತಮುತ್ತ ಇಂಜಿನ್ ಗೋಗರೆಯತೊಡಗುತ್ತದೆ. ಗೇರ್ ಅನುಪಾತವೂ ಭಾರ ಎಳೆಯಲೆಂದೇ ಇಟ್ಟದ್ದು. 1954ರಲ್ಲಿ ಒತ್ತಡದಿಂದಲೇ ಎಣ್ಣೆ ಹರಿಸುವ ದೊಡ್ಡ ಇಂಜಿನ್ ಬಂತು. ಓಡಿಸಲೆಂದೇ ಕೊಳ್ಳುವ ಅನೇಕರು ಹಳೆಯದರ ಜಾಗಕ್ಕೆ ಅದನ್ನೇ ಕೂರಿಸುತ್ತಾರೆ.

ಸುಖದ ಸವಾರಿ ಎಂದುಕೊಳ್ಳಬೇಡಿ. ಅಂಬಾಸಿಡರ್ ಓಡಿಸಿದವರಿಗೆ ಸ್ಟಿಯರಿಂಗ್ ಪಕ್ಕದ ಗೇರ್ ಹೊಸದೆನಿಸದು. ಆದರೆ ಇಲ್ಲಿ ಮೊದಲ ಗೇರಿಗೆ ಗಾಡಿ ಪೂರ್ತಿ ನಿಂತಿರಬೇಕು. ಪವರ್ ಸ್ಟಿಯರಿಂಗ್ ಇಲ್ಲ, ಸೀಟ್ ಬೆಲ್ಟ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 1949ರಿಂದ ಪೆಟ್ರೋಲ್ ಟ್ಯಾಂಕನ್ನು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ ಇಟ್ಟರು. ತಿರುವಿನಲ್ಲಿ ಅದು ಕುಲುಕುವುದು ಬೆನ್ನಿಗೆ ಕೇಳಿಸುತ್ತದೆ.

1955ರಲ್ಲಿ ಷೆವರ್ಲೆ ‘ಕೇಮಿಯೊ’ ತಂದಿತು. ಬಾಡಿಯ ಬದಿಗೆ ಫೈಬರ್‌ಗ್ಲಾಸ್ ಹೊದಿಸಿ, ಉಬ್ಬಿದ ಮಡ್‌ಗಾರ್ಡ್ ಮರೆಮಾಡಿ ನುಣುಪಾಗಿಸಿದ ಪಿಕಪ್ ಅದು. ದುಡಿಯುವ ಗಾಡಿ ಕನ್ನಡಿ ನೋಡಿಕೊಳ್ಳಲು ಶುರುಮಾಡಿದ್ದು ಆಗಲೇ ಎಂದು ನನ್ನ ಗುಮಾನಿ. ಈಗ ಪ್ರದರ್ಶನಗಳಲ್ಲಿ ಹಲಗೆಗೆ ಊಟದ ಮೇಜಿನ ಹಾಗೆ ವಾರ್ನಿಷ್ ಹೊಡೆಸಿದ 3100ಗಳು ನಿಲ್ಲುತ್ತವೆ. ಅವುಗಳ ಮೇಲೆ ಒಂದು ಹುಲ್ಲಿನ ಪೆಂಡಿ ಇಡಲೂ ಒಡೆಯನ ಕೈ ನಡುಗುತ್ತದೆ. ಹಳೆಯ ಕಾರನ್ನು ಷೆಡ್ಡಿನಲ್ಲಿಟ್ಟು ಮುದ್ದಿಸುವುದು ಸರಿ, ಪಿಕಪ್ಪಿಗೆ ಆ ಶಿಕ್ಷೆ ಯಾಕೆ? ಮಾಸಿದ ಹಸಿರು ಬಣ್ಣದಡಿ ತುಕ್ಕು ಇಣುಕುತ್ತಿದ್ದರೂ ಶನಿವಾರ ಗೊಬ್ಬರ ತುಂಬಿಕೊಂಡು ಬರುವ ಗಾಡಿಗೇ ನನ್ನ ಓಟು.

ಬಿಡಿಭಾಗಗಳಿಗೆ ಬರವಿಲ್ಲ. ಹಲಗೆಯಿಂದ ಬಾಗಿಲಿನ ರಬ್ಬರಿನವರೆಗೆ ಹಳೆಯ ಅಳತೆಗೇ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಬೆನ್ನು ಮುರಿಯುವುದು ತಗಡಿನ ಕೆಲಸ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಗಾಡಿಗಿಂತ ಅರಿಝೋನಾದಂಥ ಒಣ ಸೀಮೆಯ ಗಾಡಿಗೆ ಬೇಡಿಕೆ ಹೆಚ್ಚು. ನೋಡಲು ಹೋಗುವ ಅನುಭವಸ್ಥರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ಫಳಫಳ ಪೇಂಟಿಗೆ ಮರುಳಾಗದೆ ನೇರವಾಗಿ ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗೆ ಅದನ್ನು ಹಿಡಿಯುತ್ತಾರೆ. ಅಂಟಲಿಲ್ಲವೆಂದರೆ ಒಳಗಿರುವುದು ತಗಡಲ್ಲ, ಪುಟ್ಟಿ.