ಮಂಚದ ಪಕ್ಕದ ಕುರ್ಚಿ

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ರಾತ್ರಿ ಪಾಳಿ. ಹೊಟ್ಟೆಯ ಕ್ಯಾನ್ಸರ್ ಆಗಿದ್ದ ಅಜ್ಜ ಒಬ್ಬರು ನನ್ನ ಕೈ ಹಿಡಿದು, "ಸಿಸ್ಟರ್, ನಾನು ಉಳೀತೀನಾ?" ಎಂದರು. "ಏನೂ ಆಗಲ್ಲ ಅಜ್ಜ, ಧೈರ್ಯವಾಗಿರಿ" ಎಂದು ಸಲೈನ್ ವೇಗ ಸರಿಮಾಡಿ ಮುಂದಿನ ಮಂಚಕ್ಕೆ ಹೋದೆ. ಸಲೈನ್ ಸರಿಯಾಗಿಯೇ ಇಳಿಯುತ್ತಿತ್ತು. ಬೆಳಗಿನ ಜಾವ ಅಜ್ಜ ಹೋದರು. ಮಗ ಬಂದದ್ದು ಮಧ್ಯಾಹ್ನ. "ಅಪ್ಪ ನನ್ನನ್ನು ಕೇಳಲಿಲ್ವಾ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜನಿಗೆ ಏನಾದರೂ ಹೇಳಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ಈಗ ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಸೂಜಿ ಚುಚ್ಚುವುದನ್ನು, ಎದೆ ಒತ್ತುವುದನ್ನು ಅವರು ಬೊಂಬೆಯ ಮೇಲೆ ಕಲಿಯುತ್ತಾರೆ. ಜೀವ ಹೋಗುತ್ತಿರುವವರ ಹತ್ತಿರ ಮಾತಾಡುವುದನ್ನು ಮಾತ್ರ ನೇರವಾಗಿ ವಾರ್ಡಿನಲ್ಲಿ, ನಿಜವಾದ ಸಂಕಟದ ಮುಂದೆ ಕಲಿಯಬೇಕಿತ್ತು. ಇದು ರೋಗಿಗೂ ಅನ್ಯಾಯ, ಹುಡುಗಿಯರಿಗೂ ಅನ್ಯಾಯ.

ಹಾಗಾಗಿ ನಮ್ಮ ಲ್ಯಾಬಿನ ಪಕ್ಕದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇವೆ: ಕಬ್ಬಿಣದ ಮಂಚ, ಡ್ರಿಪ್ ಸ್ಟ್ಯಾಂಡ್, ಒಂದು ಕುರ್ಚಿ. ಹವ್ಯಾಸಿ ನಾಟಕದಲ್ಲಿ ಪಳಗಿದ ನಿವೃತ್ತ ಮೇಷ್ಟ್ರು ಒಬ್ಬರು ಬಂದು ರೋಗಿಯಾಗಿ ಮಲಗುತ್ತಾರೆ. ಈ ಪದ್ಧತಿ ಹೊಸದಲ್ಲ. 1963ರಲ್ಲೇ ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್, ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಎದುರು ಕೂರಿಸಿದ್ದರು. ಕಹಿ ಸುದ್ದಿ ಹೇಳುವ ಕ್ರಮಕ್ಕೆ 'ಸ್ಪೈಕ್ಸ್' ಎಂಬ ಆರು ಹೆಜ್ಜೆಗಳ ದಾರಿಯೊಂದು 2000ದಲ್ಲಿ ಪ್ರಕಟವಾಯಿತು. ಅದರ ಮೊದಲ ಹೆಜ್ಜೆಯಲ್ಲೇ, ಮರೆ ಇರುವ ಜಾಗ ಹುಡುಕಿ, ಕೂತು ಮಾತಾಡಿ ಎಂದಿದೆ. ಸುದ್ದಿ ಹೇಳುವವರು ಸಾಮಾನ್ಯವಾಗಿ ಡಾಕ್ಟರು. ಅವರು ರೌಂಡ್ಸ್ ಮುಗಿಸಿ ಹೋದ ಮೇಲೆ ಆ ಮಾತಿನ ಭಾರದ ಜೊತೆ ಉಳಿಯುವವಳು ನರ್ಸ್.

ನಮ್ಮ ಕೋಣೆಯ ಸನ್ನಿವೇಶಗಳೆಲ್ಲ ಇಲ್ಲಿನ ವಾರ್ಡುಗಳಿಂದಲೇ ಬಂದವು. ಒಂದರಲ್ಲಿ ಮಗ ಬಾಗಿಲಲ್ಲೇ ತಡೆದು, "ಅಪ್ಪಂಗೆ ಗೊತ್ತಾಗ್ಬಾರ್ದು ಸಿಸ್ಟರ್" ಎನ್ನುತ್ತಾನೆ. ಒಳಗೆ ಅಪ್ಪ, "ಮಗನಿಗೆ ಹೇಳ್ಬೇಡಿ, ತಡ್ಕೊಳಲ್ಲ" ಎನ್ನುತ್ತಾರೆ. ಇನ್ನೊಂದರಲ್ಲಿ, ನುಂಗಲಾಗದ ತಾಯಿಯ ಬಾಯಿಗೆ ತುಳಸಿ ನೀರು ಬಿಡಲು ಮಗಳು ಲೋಟ ಹಿಡಿದು ನಿಂತಿದ್ದಾಳೆ. "ಕೊಡಬಾರದು, ಶ್ವಾಸಕ್ಕೆ ಹೋಗತ್ತೆ" ಎಂದಷ್ಟೇ ಹೇಳುವ ಹುಡುಗಿ ವೈದ್ಯಕೀಯವಾಗಿ ಸರಿ. ಆದರೆ ಆ ನೀರು ಬಾಯಾರಿಕೆಗಲ್ಲ ಎಂದು ಅರ್ಥವಾದವಳು ಹತ್ತಿಯನ್ನು ಅದರಲ್ಲಿ ಅದ್ದಿ ಹಿಂಡಿ, ಮಗಳ ಕೈಯಿಂದಲೇ ತುಟಿ ಒದ್ದೆ ಮಾಡಿಸುತ್ತಾಳೆ. ಮೂರನೆಯದು ಐಸಿಯು ಹೊರಗಿನ ಪ್ರಶ್ನೆ: "ಟ್ಯೂಬ್ ತೆಗೆಸಿದ್ರೆ ನಮಗೆ ಪಾಪ ಬರತ್ತಾ?" ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಮನೆಯವರ ಎದೆಯೊಳಗಿನ ಪಾಪದ ಭಯವನ್ನು ಮಾತ್ರ ಯಾರಾದರೂ ಹತ್ತಿರ ಕೂತೇ ಕೇಳಿಸಿಕೊಳ್ಳಬೇಕು.

ಹತ್ತು ನಿಮಿಷ ಅಭಿನಯವಾದರೆ ಅರ್ಧ ಗಂಟೆ ಅದರ ಬಗ್ಗೆ ಮಾತು. ತಪ್ಪು ಹುಡುಕುವುದಕ್ಕಲ್ಲ. "ಎಲ್ಲಿ ನಿನಗೆ ಓಡಿಹೋಗಬೇಕು ಅನ್ನಿಸ್ತು?" ಎಂದು ನಾನು ಮೊದಲು ಕೇಳುತ್ತೇನೆ. ಕೆಲವರು ಅಳುತ್ತಾರೆ, ಮನೆಯಲ್ಲಿ ಸಾವು ಕಂಡವರಿಗೆ ಈ ಕೋಣೆ ನಾಟಕವಾಗಿ ಉಳಿಯುವುದಿಲ್ಲ. ಬೇಡ ಎಂದವರನ್ನು ಒತ್ತಾಯಿಸಬಾರದು, ಅಭಿನಯ ಮುಗಿದ ಮೇಲೂ ಜೊತೆಗಿರಬೇಕು ಎಂಬುದನ್ನು ನಾನು ತಡವಾಗಿ ಕಲಿತೆ.

ಮೇಷ್ಟ್ರ ಪಾತ್ರದ ಚೀಟಿಯಲ್ಲಿ ಒಂದು ಮಾತು ಬರೆದಿಟ್ಟಿದ್ದೇನೆ. ಕೂತು, ಕಾದು, ಕೇಳಿದವರಿಗೆ ಮಾತ್ರ ಅದನ್ನು ಹೇಳಬೇಕು. ಮೂರು ವಾರ ಯಾರಿಗೂ ಆ ಮಾತು ಕೇಳಿಸಲಿಲ್ಲ. "ಧೈರ್ಯವಾಗಿರಿ" ಎಂದರು, "ಡಾಕ್ಟ್ರನ್ನ ಕೇಳಿ" ಎಂದರು, ಡ್ರಿಪ್ ಮುಟ್ಟಿದರು.

ನಾಲ್ಕನೇ ವಾರ, ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಯೊಬ್ಬಳು ಕುರ್ಚಿ ಎಳೆದು ಕೂತಳು. "ನಾನು ಉಳೀತೀನಾ ತಾಯಿ?" ಎಂದರು ಮೇಷ್ಟ್ರು. ಅವಳು ಅವರ ಕೈ ಬಿಡಲಿಲ್ಲ, ಮಾತೂ ಆಡಲಿಲ್ಲ. ಗಾಜಿನ ಹಿಂದೆ ನಿಂತ ನಮಗೇ ಆ ಮೌನ ತಡೆಯಲಾಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ನಿಮಗೆ ಏನನ್ನಿಸ್ತಿದೆ ಅಜ್ಜ?"

"ಹೆಚ್ಚು ದಿನ ಇಲ್ಲ ಅನ್ಸತ್ತೆ. ಮಗನ್ನ ಒಂದ್ಸಲ ನೋಡ್ಬೇಕಿತ್ತು."

ಅವಳು ಜೇಬಿನಿಂದ ಪೆನ್ ತೆಗೆದಳು. "ನಂಬರ್ ಹೇಳಿ ಅಜ್ಜ, ಈಗಲೇ ಫೋನ್ ಮಾಡೋಣ."