ಪಿಎಲ್‌ಎಂ ಸಾಫ್ಟ್‌ವೇರ್‌ಗಳ ವಿಲೀನ: ಗ್ರಾಹಕ ಕಂಪನಿಗಳಿಗೆ ಏನು ಬದಲಾಗುತ್ತೆ? ಉದ್ಯೋಗಿಗಳ ಮೇಲೆ ಏನು ಪರಿಣಾಮ?

ಪುಣೆ, ಬೆಂಗಳೂರು, ಹೈದರಾಬಾದ್‌ನ ಎಂಜಿನಿಯರಿಂಗ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಟೀಮ್‌ಸೆಂಟರ್, ವಿಂಡ್‌ಚಿಲ್, ಎನೋವಿಯಾ ಎಂಬ ಹೆಸರುಗಳು ಹೊಸದಲ್ಲ. ಹೊರಗಿನವರು ಇವುಗಳನ್ನು ಕೇಳಿರುವುದು ಕಡಿಮೆ. ಆದರೆ ರಸ್ತೆಯಲ್ಲಿ ಓಡುವ ಕಾರು, ಆಕಾಶದಲ್ಲಿ ಹಾರುವ ವಿಮಾನ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಇವುಗಳ ಒಂದೊಂದು ಬಿಡಿಭಾಗದ ಲೆಕ್ಕವೂ ಇಂಥ ಸಾಫ್ಟ್‌ವೇರ್‌ಗಳಲ್ಲೇ ಇರುತ್ತದೆ.

ಈ ಕ್ಷೇತ್ರದಲ್ಲಿ ಒಂದು ಕಂಪನಿ ಇನ್ನೊಂದನ್ನು ಖರೀದಿಸುವ ಭರಾಟೆ ಎರಡೂವರೆ ದಶಕದಿಂದ ನಿಂತಿಲ್ಲ. 2025ರ ಮಾರ್ಚ್‌ನಲ್ಲಿ ಜರ್ಮನಿಯ ಸೀಮೆನ್ಸ್, ಆಲ್ಟೇರ್ ಕಂಪನಿಯನ್ನು ಸುಮಾರು 10 ಬಿಲಿಯನ್ ಡಾಲರ್‌ಗೆ ತನ್ನದಾಗಿಸಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಸಿನಾಪ್ಸಿಸ್, ಆನ್ಸಿಸ್ ಕಂಪನಿಯನ್ನು ಸುಮಾರು 35 ಬಿಲಿಯನ್ ಡಾಲರ್‌ಗೆ ಖರೀದಿಸುವ ಪ್ರಕ್ರಿಯೆ ಮುಗಿಸಿತು. ಮಾಲೀಕರು ಬದಲಾದಾಗ ಷೇರು ಪೇಟೆಯಲ್ಲಿ ಸುದ್ದಿಯಾಗುತ್ತದೆ. ಆ ಸಾಫ್ಟ್‌ವೇರ್ ಬಳಸುವ ಕಾರ್ಖಾನೆ ಮತ್ತು ಅದನ್ನೇ ನಂಬಿ ಕೆಲಸ ಮಾಡುವ ಎಂಜಿನಿಯರ್‌ಗೆ ಮಾತ್ರ ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಏನಿದು ಪಿಎಲ್‌ಎಂ?

ಪ್ರಾಡಕ್ಟ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್ ಎಂಬುದರ ಚಿಕ್ಕ ರೂಪವೇ ಪಿಎಲ್‌ಎಂ. ಒಂದು ಉತ್ಪನ್ನದ ವಿನ್ಯಾಸದಿಂದ ಹಿಡಿದು ತಯಾರಿಕೆ, ರಿಪೇರಿ, ಕೊನೆಗೆ ಅದು ಬಳಕೆಯಿಂದ ಹೊರಬೀಳುವವರೆಗಿನ ತಾಂತ್ರಿಕ ಮಾಹಿತಿಯನ್ನು ಒಂದೇ ಕಡೆ ಇಡುವ ವ್ಯವಸ್ಥೆ ಇದು.

ಒಂದು ಕಾರಿನಲ್ಲಿ ಸುಮಾರು 30 ಸಾವಿರ ಬಿಡಿಭಾಗಗಳಿರುತ್ತವೆ. ಪ್ರತಿಯೊಂದಕ್ಕೂ ಡ್ರಾಯಿಂಗ್, ಪಾರ್ಟ್ ನಂಬರ್, ಯಾವ ಲೋಹ, ಯಾರು ಪೂರೈಸುತ್ತಾರೆ ಎಂಬ ವಿವರ ಇರಬೇಕು. ನಾಳೆ ಒಂದು ಬೋಲ್ಟ್‌ನ ಅಳತೆ ಬದಲಾದರೆ, ಅದನ್ನು ಯಾರು ಒಪ್ಪಿದರು, ಯಾವ ಗಾಡಿಯಿಂದ ಹೊಸ ಬೋಲ್ಟ್ ಹಾಕಲಾಗಿದೆ ಎಂಬುದೂ ದಾಖಲಾಗಬೇಕು. ಬ್ರೇಕ್‌ನಲ್ಲಿ ದೋಷ ಕಂಡು ಗಾಡಿಗಳನ್ನು ವಾಪಸ್ ಕರೆಸಬೇಕಾಗಿ ಬಂದರೆ ಮೊದಲು ತೆರೆಯುವುದು ಈ ದಾಖಲೆಯನ್ನೇ.

ಇಆರ್‌ಪಿ ಸಾಫ್ಟ್‌ವೇರ್ ಹಣ, ದಾಸ್ತಾನು, ಆರ್ಡರ್ ಲೆಕ್ಕ ಇಡುತ್ತದೆ. ಪಿಎಲ್‌ಎಂ ಆ ವಸ್ತು ಏನು, ಹೇಗೆ ಆಯಿತು ಎಂಬುದನ್ನು ಹೇಳುತ್ತದೆ. ಹಾಗಾಗಿ ಇದನ್ನು ಬದಲಿಸುವುದು ಮೊಬೈಲ್‌ನಲ್ಲಿ ಒಂದು ಆ್ಯಪ್ ತೆಗೆದು ಇನ್ನೊಂದು ಹಾಕಿಕೊಂಡಷ್ಟು ಸುಲಭವಲ್ಲ. ಕಂಪನಿಯ ಇಪ್ಪತ್ತು ಮೂವತ್ತು ವರ್ಷಗಳ ನೆನಪೇ ಅದರಲ್ಲಿರುತ್ತದೆ.

ಒಂದೇ ವ್ಯವಸ್ಥೆ ಯಾಕೆ ಬೇಕು? ಎ380 ಕಲಿಸಿದ ಪಾಠ

ಎಲ್ಲರೂ ಒಂದೇ ಸಾಫ್ಟ್‌ವೇರ್ ಬಳಸಬೇಕು ಎಂಬ ಒತ್ತಾಯದ ಹಿಂದೆ ನಿಜವಾದ ಕಾರಣವಿದೆ. ಏರ್‌ಬಸ್‌ನ ದೈತ್ಯ ವಿಮಾನ ಎ380 ಇದಕ್ಕೆ ದೊಡ್ಡ ಉದಾಹರಣೆ. ಈ ವಿಮಾನದೊಳಗೆ ಸುಮಾರು 530 ಕಿಲೋಮೀಟರ್ ಉದ್ದದ ವೈರಿಂಗ್ ಇದೆ. ಜರ್ಮನಿಯ ಹ್ಯಾಂಬರ್ಗ್ ತಂಡ ಕಟಿಯಾ ಸಾಫ್ಟ್‌ವೇರ್‌ನ ಹಳೆಯ ವಿ4 ಆವೃತ್ತಿಯಲ್ಲಿ ಕೆಲಸ ಮಾಡುತ್ತಿತ್ತು. ಫ್ರಾನ್ಸ್‌ನ ಟುಲೂಸ್ ತಂಡ ಹೊಸ ವಿ5 ಆವೃತ್ತಿಗೆ ಹೋಗಿತ್ತು. ಟುಲೂಸ್‌ನಲ್ಲಿ ವಿಮಾನ ಜೋಡಿಸಲು ಹೊರಟಾಗ ವೈರ್‌ಗಳು ಸರಿಯಾಗಿ ಕೂರಲಿಲ್ಲ.

ಪರಿಣಾಮ? ವಿಮಾನಗಳ ವಿತರಣೆ ಸುಮಾರು ಎರಡು ವರ್ಷ ತಡವಾಯಿತು. ಇದರಿಂದ 2010ರವರೆಗೆ ಒಟ್ಟು 4.8 ಬಿಲಿಯನ್ ಯೂರೋ ಲಾಭ ಕೈತಪ್ಪಲಿದೆ ಎಂದು ಏರ್‌ಬಸ್‌ನ ಮಾತೃಸಂಸ್ಥೆ 2006ರಲ್ಲಿ ಅಂದಾಜಿಸಿತ್ತು. ಒಂದೇ ಸಾಫ್ಟ್‌ವೇರ್‌ನ ಎರಡು ಆವೃತ್ತಿಗಳಿಂದಲೇ ಇಷ್ಟು ನಷ್ಟವಾದರೆ, ನಾಲ್ಕೈದು ಬೇರೆ ಬೇರೆ ವ್ಯವಸ್ಥೆ ಇಟ್ಟುಕೊಂಡವರ ಪಾಡು ಊಹಿಸಬಹುದು.

ಹೆಸರು ಒಂದಾಯಿತು, ಒಳಗೆ ಎರಡೇ ಇತ್ತು

ಆದರೆ ಒಂದು ಮಾಡುವ ಕೆಲಸ ಎಷ್ಟು ಕಾಲ ಹಿಡಿಯುತ್ತದೆ? ಇದಕ್ಕೆ ಟೀಮ್‌ಸೆಂಟರ್ ಕಥೆ ನೋಡಬೇಕು.

2001ರಲ್ಲಿ ಅಮೆರಿಕದ ಇಡಿಎಸ್ ಕಂಪನಿ ಸುಮಾರು 950 ಮಿಲಿಯನ್ ಡಾಲರ್ ಕೊಟ್ಟು ಎಸ್‌ಡಿಆರ್‌ಸಿ ಕಂಪನಿಯನ್ನು ಖರೀದಿಸಿ, ತನ್ನದೇ ಆಗಿದ್ದ ಯುಜಿಎಸ್ ಜೊತೆ ಸೇರಿಸಿತು. ಎಸ್‌ಡಿಆರ್‌ಸಿ ಬಳಿ ಐ-ಡಿಯಾಸ್ ಎಂಬ ವಿನ್ಯಾಸ ಸಾಫ್ಟ್‌ವೇರ್ ಮತ್ತು ಮೆಟಾಫೇಸ್ ಎಂಬ ದತ್ತಾಂಶ ವ್ಯವಸ್ಥೆ ಇತ್ತು. ಯುಜಿಎಸ್ ಬಳಿ ಯೂನಿಗ್ರಾಫಿಕ್ಸ್ ಮತ್ತು ಐಮ್ಯಾನ್ ಇದ್ದವು. ಅಂದರೆ ಒಂದೇ ಕೆಲಸಕ್ಕೆ ಎರಡೆರಡು ಉತ್ಪನ್ನ. ಎರಡಕ್ಕೂ ದೊಡ್ಡ ದೊಡ್ಡ ಗ್ರಾಹಕರು.

ಐ-ಡಿಯಾಸ್ ಮತ್ತು ಯೂನಿಗ್ರಾಫಿಕ್ಸ್ ಸೇರಿ ಎನ್‌ಎಕ್ಸ್ ಎಂಬ ಹೊಸ ಹೆಸರು ಬಂತು. ಮೆಟಾಫೇಸ್, ಐಮ್ಯಾನ್ ಎರಡೂ ಟೀಮ್‌ಸೆಂಟರ್ ಎಂಬ ಒಂದೇ ಹೆಸರಿನಡಿ ಬಂದವು. ಆದರೆ ಮೊದಲ ಕೆಲವು ವರ್ಷ ಒಂದು ಟೀಮ್‌ಸೆಂಟರ್ ಎಂಟರ್‌ಪ್ರೈಸ್, ಇನ್ನೊಂದು ಟೀಮ್‌ಸೆಂಟರ್ ಎಂಜಿನಿಯರಿಂಗ್ ಆಗಿ ಬೇರೆ ಬೇರೆಯಾಗಿಯೇ ಇದ್ದವು. ಎರಡನ್ನೂ ಕೂಡಿಸಿದ ಒಂದೇ ವಿನ್ಯಾಸದ ಆವೃತ್ತಿ ಬರಲು 2007ರವರೆಗೆ ಕಾಯಬೇಕಾಯಿತು.

ಈ ನಡುವೆ ಮಾಲೀಕರೂ ಬದಲಾದರು. 2004ರಲ್ಲಿ ಇಡಿಎಸ್ ಈ ವಿಭಾಗವನ್ನು 2.05 ಬಿಲಿಯನ್ ಡಾಲರ್‌ಗೆ ಖಾಸಗಿ ಹೂಡಿಕೆ ಸಂಸ್ಥೆಗಳಿಗೆ ಮಾರಿತು. 2007ರಲ್ಲಿ ಸೀಮೆನ್ಸ್ ಅದನ್ನು 3.5 ಬಿಲಿಯನ್ ಡಾಲರ್‌ಗೆ ಖರೀದಿಸಿತು. ಆರು ವರ್ಷದಲ್ಲಿ ಗ್ರಾಹಕರು ಮೂರು ಮಾಲೀಕರನ್ನು ಕಂಡರು.

ಬೇರೆಡೆಯೂ ಇದೇ ಕಥೆ. ಫ್ರಾನ್ಸ್‌ನ ಡಸಾಲ್ಟ್ ಸಿಸ್ಟಮ್ಸ್ 2006ರಲ್ಲಿ ಮ್ಯಾಟ್ರಿಕ್ಸ್‌ಒನ್ ಅನ್ನು 408 ಮಿಲಿಯನ್ ಡಾಲರ್‌ಗೆ ಖರೀದಿಸಿ ಎನೋವಿಯಾ ಹೆಸರಿನಡಿ ತಂದಿತು. ಒರಾಕಲ್ 2007ರಲ್ಲಿ ಅಜೈಲ್ ಕಂಪನಿಯನ್ನು 495 ಮಿಲಿಯನ್ ಡಾಲರ್‌ಗೆ ಕೊಂಡಿತು. ಆ ಅಜೈಲ್ ಪಿಎಲ್‌ಎಂಗೆ ಸಿಗುವ ಪ್ರೀಮಿಯರ್ ಸಪೋರ್ಟ್ 2027ರ ಡಿಸೆಂಬರ್‌ಗೆ ಮುಗಿಯಲಿದೆ. ಅದನ್ನು ಬಳಸುತ್ತಿರುವವರು ಒರಾಕಲ್‌ನ ಕ್ಲೌಡ್ ಪಿಎಲ್‌ಎಂಗೆ ಹೋಗಬೇಕು, ಇಲ್ಲವೇ ಬೇರೆ ಕಂಪನಿಯ ಬಾಗಿಲು ತಟ್ಟಬೇಕು.

ಗ್ರಾಹಕರಿಗೆ ಬೀಳುವ ಹೊರೆ

ಹಳೆಯ ಉತ್ಪನ್ನವನ್ನು ಮುಚ್ಚುತ್ತೇವೆ ಎಂದು ಯಾವ ಮಾರಾಟಗಾರನೂ ಮೊದಲ ದಿನವೇ ಹೇಳುವುದಿಲ್ಲ. ಹೊಸ ಸೌಲಭ್ಯಗಳು ನಿಧಾನಕ್ಕೆ ನಿಲ್ಲುತ್ತವೆ. ದೋಷ ಸರಿಪಡಿಸುವುದಷ್ಟೇ ಉಳಿಯುತ್ತದೆ. ಕೊನೆಗೆ ಸಪೋರ್ಟ್ ಮುಗಿಯುವ ದಿನಾಂಕ ಬರುತ್ತದೆ. ಆಗ ಗ್ರಾಹಕರ ಮುಂದೆ ಬರುವ ಸವಾಲುಗಳು ಹೀಗಿವೆ:

* ದತ್ತಾಂಶ: ಮೂರು ಆಯಾಮದ ಡ್ರಾಯಿಂಗ್ ಸಾಗಿಸುವುದು ತುಸು ಸುಲಭ. ಯಾವ ಭಾಗ ಯಾವುದರೊಳಗೆ ಬರುತ್ತದೆ, ಎಷ್ಟು ಬಾರಿ ಬದಲಾಗಿದೆ, ಯಾರು ಸಹಿ ಹಾಕಿದ್ದಾರೆ ಎಂಬ ಸಂಬಂಧಗಳನ್ನು ಸಾಗಿಸುವುದೇ ಕಷ್ಟ. ಒಂದೇ ಬೋಲ್ಟ್‌ಗೆ ಮೂರು ಪಾರ್ಟ್ ನಂಬರ್ ಇರುವುದು ಬೆಳಕಿಗೆ ಬರುವುದೂ ಆಗಲೇ.
* ಸ್ವಂತ ಮಾರ್ಪಾಡು: ದೊಡ್ಡ ಕಂಪನಿಗಳು ತಮ್ಮ ಪದ್ಧತಿಗೆ ತಕ್ಕಂತೆ ವರ್ಷಗಟ್ಟಲೆ ಕೋಡ್ ಬರೆಸಿಕೊಂಡಿರುತ್ತವೆ. ಅದರ ಬಹುಪಾಲು ಹೊಸ ವ್ಯವಸ್ಥೆಯಲ್ಲಿ ಓಡುವುದಿಲ್ಲ. ಮತ್ತೆ ಬರೆಸಬೇಕು ಅಥವಾ ಕೈಬಿಡಬೇಕು.
* ದರ: ಸ್ಪರ್ಧಿಗಳು ಕಡಿಮೆಯಾದಷ್ಟೂ ಚೌಕಾಸಿ ಮಾಡುವ ಶಕ್ತಿ ಕುಗ್ಗುತ್ತದೆ. ಒಮ್ಮೆ ಖರೀದಿಸಿ ಎಷ್ಟು ಕಾಲವಾದರೂ ಬಳಸಬಹುದಾಗಿದ್ದ ಲೈಸೆನ್ಸ್‌ಗಳ ಜಾಗಕ್ಕೆ ಈಗ ವರ್ಷ ವರ್ಷ ಹಣ ಕಟ್ಟುವ ಚಂದಾ ಪದ್ಧತಿ ಬಂದಿದೆ.
* ಸಣ್ಣ ಘಟಕಗಳು: ಪೀಣ್ಯ, ಪಿಂಪ್ರಿ-ಚಿಂಚವಾಡ, ಹೊಸೂರಿನ ಬಿಡಿಭಾಗ ತಯಾರಕರು ಎರಡು ಮೂರು ದೊಡ್ಡ ಕಂಪನಿಗಳಿಗೆ ಮಾಲು ಕೊಡುತ್ತಾರೆ. ದೊಡ್ಡವರು ಸಾಫ್ಟ್‌ವೇರ್ ಬದಲಿಸಿದಾಗ, ಕೇಳದಿದ್ದರೂ ಇವರೂ ಹಿಂದೆ ಹೋಗಬೇಕಾಗುತ್ತದೆ.

ದರದ ಆತಂಕ ಬರೀ ಊಹೆಯಲ್ಲ. ನಾಸಾ 1960ರ ದಶಕದಲ್ಲಿ ರೂಪಿಸಿದ ನಾಸ್ಟ್ರಾನ್ ಎಂಬ ಎಂಜಿನಿಯರಿಂಗ್ ವಿಶ್ಲೇಷಣೆ ಸಾಫ್ಟ್‌ವೇರ್‌ನ ಸುಧಾರಿತ ಆವೃತ್ತಿಗಳನ್ನು ಮಾರುತ್ತಿದ್ದ ಎರಡು ಸಣ್ಣ ಸ್ಪರ್ಧಿಗಳನ್ನು ಎಂಎಸ್‌ಸಿ ಕಂಪನಿ 1999ರಲ್ಲಿ ಖರೀದಿಸಿತ್ತು. ಇದರಿಂದ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ದೂರು ಹೂಡಿತು. ಮರುವರ್ಷದ ಒಪ್ಪಂದದಂತೆ ಎಂಎಸ್‌ಸಿ ತನ್ನ ಸಾಫ್ಟ್‌ವೇರ್‌ನ ಮೂಲ ಕೋಡ್ ಅನ್ನೇ ಪ್ರತಿಸ್ಪರ್ಧಿಗೆ ಬಿಟ್ಟುಕೊಡಬೇಕಾಯಿತು. ಎನ್‌ಎಕ್ಸ್ ನಾಸ್ಟ್ರಾನ್ ಹುಟ್ಟಿದ್ದು ಹೀಗೆ. ಸಿನಾಪ್ಸಿಸ್-ಆನ್ಸಿಸ್ ವಿಲೀನಕ್ಕೆ ಒಪ್ಪಿಗೆ ಸಿಗುವ ಮುನ್ನವೂ ಕೆಲವು ಉತ್ಪನ್ನಗಳನ್ನು ಕೀಸೈಟ್ ಕಂಪನಿಗೆ ಮಾರುವ ಷರತ್ತು ಬಿದ್ದಿತ್ತು.

ಉದ್ಯೋಗಿಗಳ ಕಥೆ ಏನು?

ವಿಲೀನವಾದಾಗ ಮೊದಲು ಕತ್ತರಿ ಬೀಳುವುದು ಎರಡೂ ಕಡೆ ಇರುವ ಒಂದೇ ಬಗೆಯ ಹುದ್ದೆಗಳಿಗೆ: ಮಾರಾಟ, ಮಾರ್ಕೆಟಿಂಗ್, ಎಚ್‌ಆರ್, ಲೆಕ್ಕಪತ್ರ. ಆನ್ಸಿಸ್ ಖರೀದಿ ಮುಗಿದ ನಾಲ್ಕೇ ತಿಂಗಳಲ್ಲಿ, 2025ರ ನವೆಂಬರ್‌ನಲ್ಲಿ, ಸಿನಾಪ್ಸಿಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ.10ರಷ್ಟು ಕಡಿತ ಮಾಡುವುದಾಗಿ ಪ್ರಕಟಿಸಿತು.

ಡೆವಲಪರ್‌ಗಳ ಸ್ಥಿತಿ ಬೇರೆ. ಉಳಿಯುವ ಉತ್ಪನ್ನದ ತಂಡಕ್ಕೆ ಹೊಸ ಕೆಲಸ ಸಿಗುತ್ತದೆ. ಹಿಂದೆ ಸರಿಯುವ ಉತ್ಪನ್ನದ ತಂಡಕ್ಕೆ ಬರೀ ನಿರ್ವಹಣೆ. ವಿಚಿತ್ರವೆಂದರೆ, ಹಳೆಯ ವ್ಯವಸ್ಥೆ ಗೊತ್ತಿರುವವರಿಗೆ ಕೆಲಕಾಲ ಬೇಡಿಕೆ ಏರುತ್ತದೆ. ದತ್ತಾಂಶ ಸಾಗಿಸಲು ಅವರು ಬೇಕೇ ಬೇಕು. ಆದರೆ ಕೊನೆಯ ಗ್ರಾಹಕ ದಾಟಿದ ದಿನ ಆ ಬೇಡಿಕೆಯೂ ಮುಗಿಯುತ್ತದೆ.

ಗ್ರಾಹಕ ಕಂಪನಿಗಳ ಒಳಗೂ ಇದರ ಬಿಸಿ ತಟ್ಟುತ್ತದೆ. ಹದಿನೈದು ವರ್ಷ ಒಂದೇ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿಸಿಕೊಂಡ ಹಿರಿಯ ವಿನ್ಯಾಸಕ, ಹೊಸದರ ಮುಂದೆ ಮೊನ್ನೆ ಸೇರಿದ ಟ್ರೇನಿಯ ಪಕ್ಕ ಕೂತು ಕಲಿಯಬೇಕಾಗುತ್ತದೆ. ಅಷ್ಟು ದಿನ ಕೆಲಸದ ವೇಗ ಇಳಿಯುತ್ತದೆ, ಆದರೆ ಪ್ರಾಜೆಕ್ಟ್‌ನ ಗಡುವು ಮಾತ್ರ ಮುಂದೆ ಹೋಗುವುದಿಲ್ಲ.

ಭಾರತದಲ್ಲಿ ಇದರ ಕೇಂದ್ರ ಪುಣೆ. ಸೀಮೆನ್ಸ್, ಪಿಟಿಸಿ, ಡಸಾಲ್ಟ್ ಮೂರೂ ಕಂಪನಿಗಳಿಗೆ ಅಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ. ಗೋದ್ರೇಜ್ ಸಮೂಹಕ್ಕೆ ಸೇರಿದ್ದ ಜಿಯೊಮೆಟ್ರಿಕ್ ಕಂಪನಿಯನ್ನು ಎಚ್‌ಸಿಎಲ್ ತನ್ನೊಳಗೆ ಸೇರಿಸಿಕೊಳ್ಳುವ ಒಪ್ಪಂದ 2016ರಲ್ಲಿ ಆಯಿತು. ಜಿಯೊಮೆಟ್ರಿಕ್ ಮತ್ತು ಡಸಾಲ್ಟ್ ಜಂಟಿಯಾಗಿ ನಡೆಸುತ್ತಿದ್ದ ಪುಣೆಯ 3ಡಿಪಿಎಲ್‌ಎಂ ಆಗ ಪೂರ್ತಿಯಾಗಿ ಡಸಾಲ್ಟ್ ಪಾಲಾಯಿತು. ಒಂದೇ ಸಂಸ್ಥೆಯ ನೆರಳಲ್ಲಿದ್ದ ಉದ್ಯೋಗಿಗಳು ಹೀಗೆ ಎರಡು ಕಂಪನಿಗಳಿಗೆ ಹಂಚಿಹೋದರು.

ಈಗಲೇ ಏನು ಮಾಡಬಹುದು?

ಗ್ರಾಹಕ ಕಂಪನಿಗಳು ಸಪೋರ್ಟ್ ಎಲ್ಲಿಯವರೆಗೆ, ದತ್ತಾಂಶ ಹೊರತೆಗೆಯಲು ಯಾವ ದಾರಿ, ಅದಕ್ಕೆ ಎಷ್ಟು ಖರ್ಚು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಸ್ಟೆಪ್ ಮತ್ತು ಜೆಟಿ ಎಂಬ ಅಂತಾರಾಷ್ಟ್ರೀಯ ಮಾನದಂಡದ ಫೈಲ್ ರೂಪಗಳಲ್ಲಿ ಪ್ರತಿ ಇಟ್ಟುಕೊಂಡರೆ ಡ್ರಾಯಿಂಗ್‌ಗಳು ಯಾವ ಮಾಲೀಕ ಬಂದರೂ ತೆರೆಯುತ್ತವೆ. ಆದರೆ ಬದಲಾವಣೆ ಮತ್ತು ಒಪ್ಪಿಗೆಗಳ ಇತಿಹಾಸ ಇವುಗಳೊಂದಿಗೆ ಪೂರ್ತಿ ಬರುವುದಿಲ್ಲ. ಅದನ್ನು ಬೇರೆಯಾಗಿ ತೆಗೆದಿಡಬೇಕು. ಹಳೆಯ ಕಸವನ್ನೆಲ್ಲ ಹೊಸ ಮನೆಗೆ ಸಾಗಿಸದೆ, ನಿಂತುಹೋದ ಉತ್ಪನ್ನಗಳ ಮಾಹಿತಿಯನ್ನು ಓದಲು ಮಾತ್ರ ಸಿಗುವಂತೆ ಇಡುವುದು ಖರ್ಚು ಉಳಿಸುತ್ತದೆ.

ಉದ್ಯೋಗಿಗಳ ವಿಷಯಕ್ಕೆ ಬಂದರೆ, ಒಂದು ಸಾಫ್ಟ್‌ವೇರ್‌ನ ಬಟನ್‌ಗಳು ಎಲ್ಲಿವೆ ಎಂಬ ತಿಳಿವಳಿಕೆಗೆ ಆಯಸ್ಸು ಕಡಿಮೆ. ಬಿಲ್ ಆಫ್ ಮೆಟೀರಿಯಲ್ ಹೇಗೆ ಕಟ್ಟಬೇಕು, ಬದಲಾವಣೆಗೆ ಒಪ್ಪಿಗೆ ಹೇಗೆ ಸಾಗಬೇಕು, ಕಾರ್ಖಾನೆಯಲ್ಲಿ ಆ ಮಾಹಿತಿಯನ್ನು ಯಾರು ಬಳಸುತ್ತಾರೆ ಎಂಬ ಅರಿವು ಎಲ್ಲ ವ್ಯವಸ್ಥೆಗೂ ಒಂದೇ. ಅದರ ಜೊತೆ ಎರಡನೆಯ ಸಾಫ್ಟ್‌ವೇರ್‌ನ ಪರಿಚಯ ಮತ್ತು ದತ್ತಾಂಶ ವರ್ಗಾವಣೆಯ ಅನುಭವ ಇದ್ದವರಿಗೆ ವಿಲೀನದ ಸುದ್ದಿ ಅಷ್ಟಾಗಿ ನಿದ್ದೆ ಕೆಡಿಸುವುದಿಲ್ಲ. ಅಜೈಲ್ ಬಳಸುವ ಕಂಪನಿಗಳಿಗೆ ಮತ್ತು ಅದರ ಮೇಲೆ ಕೆಲಸ ಮಾಡುವವರಿಗೆ ಗಡುವು ಆಗಲೇ ಗೊತ್ತಾಗಿದೆ. ಇಂಥ ವರ್ಗಾವಣೆಗೆ ಒಂದೆರಡು ವರ್ಷ ಬೇಕಾಗುವುದು ಸಾಮಾನ್ಯ, ಹಾಗಾಗಿ ತಯಾರಿಗೆ ಉಳಿದಿರುವ ಸಮಯ ಹೆಚ್ಚಿಲ್ಲ.